ಹದಿನೇಳನೇ ನಂಬರಿನ ಪುಡ್ಡಿಂಗ್

ಕಾರಿನ ಹಿಂದೆ ಕಟ್ಟಿದ ಕ್ಯಾರವಾನನ್ನು ರಿವರ್ಸ್ ತೆಗೆಯಲು ಗೊತ್ತಿರುವವರು ಒಂದಷ್ಟು ಜನ, ಗೊತ್ತಿಲ್ಲದವರು ಒಂದಷ್ಟು ಜನ. ಉಳಿದವರೆಲ್ಲ ಮಡಚುವ ಕುರ್ಚಿ ಹಾಕಿಕೊಂಡು, ಟೀ ಮಗ್ ಹಿಡಿದುಕೊಂಡು, ಅದನ್ನು ನೋಡುವವರು. ಹೋಲ್ಮ್‌ಬರಿಯ ಹಳೆಗಾಲದ ಹಬ್ಬ ಶುರುವಾಗುವುದು ಶನಿವಾರವೇ ಆದರೂ, ಶುಕ್ರವಾರ ಮಧ್ಯಾಹ್ನದ ಈ ಉಚಿತ ಮನರಂಜನೆಯನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ನನ್ನ ಕಾರು ಗೇಟು ದಾಟಿದ್ದೇ ತಡ, ಮೈದಾನದ ಕುರ್ಚಿಗಳೆಲ್ಲ ನನ್ನ ಕಡೆ ತಿರುಗಿದವು.

"ಅಮ್ಮಾ, ಎಲ್ರೂ ನಮ್ಮನ್ನೇ ನೋಡ್ತಿದಾರೆ," ಹಿಂದಿನ ಸೀಟಿನಿಂದ ನೆಲ್ ಹೇಳಿದಳು. ಅವಳಿಗೆ ಏಳು ವರ್ಷ, ಮರ್ಯಾದೆಯ ಚಿಂತೆ ಆಗಲೇ ಶುರುವಾಗಿದೆ.

"ನೋಡ್ಲಿ ಬಿಡೇ. ನೋಡೋ ಹಾಗೇ ಇದೀವಲ್ಲ."

ಸುಳ್ಳೇನಲ್ಲ. ನಮ್ಮ ಹಿಂದೆ ಬರುತ್ತಿದ್ದದ್ದು ಪುಡ್ಡಿಂಗ್. ನಮ್ಮಜ್ಜಿಯ ಮದುವೆ ಕಾಲದ ಪುಟ್ಟ ಕ್ಯಾರವಾನ್, ಚಕ್ರದ ಮೇಲಿನ ಮನೆ. ದುಂಡು ಬೆನ್ನು, ಮೇಲೆ ಕೆನೆ ಬಣ್ಣ, ಕೆಳಗೆ ಎಳೆ ಹಸಿರು. ಹೆಸರಿಟ್ಟವನು ನಾಲ್ಕು ವರ್ಷದ ನನ್ನ ಮಗ ವಿಲ್ಫ್. ನನ್ನ ಕೈಗೆ ಬರುವ ಮೊದಲು ಅದು ಚಿಕ್ಕಪ್ಪನ ಹೊಲದಲ್ಲಿ ವರ್ಷಾನುಗಟ್ಟಲೆ ಕೋಳಿಗೂಡಾಗಿತ್ತು. "ಕೋಳಿಗಳನ್ನ ಕೇಳಮ್ಮಾ ಟ್ಯಾಮ್ಸಿನ್, ಅವಕ್ಕೆ ಒಪ್ಪಿಗೆ ಇದ್ರೆ ತಗೊಂಡು ಹೋಗು," ಅಂದಿದ್ದರು ಚಿಕ್ಕಪ್ಪ. ನನ್ನ ಗಂಡ ಕ್ರೇಗ್ ಆಗಿನ್ನೂ ಮನೆಯಲ್ಲಿದ್ದ. "ಎರಡು ವಾರ ನೋಡು. ಆಮೇಲೆ ನೀನು ಅದನ್ನ ಮುಟ್ಟೋದೂ ಇಲ್ಲ," ಅಂದ. ಬೇಸತ್ತು ಬಿಟ್ಟುಹೋದವನು ಅವನು. ನಾನು ಎರಡು ಚಳಿಗಾಲ ಆ ಗಾಡಿಯ ಒಳಗೇ ಕಳೆದೆ. ಕೆರೆದೆ, ಕೊಯ್ದೆ, ಉಜ್ಜಿದೆ, ಬಳಿದೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವ ಹೆಂಗಸು ನಾನು. ಮರಗೆಲಸ ಕಲಿತದ್ದು ಮರ ಹಾಳು ಮಾಡಿ ಮಾಡಿಯೇ.

ಹೋಲ್ಮ್‌ಬರಿಯಲ್ಲಿ ಸ್ವಂತ ಕೈಯಿಂದ ಹಳೇ ಗಾಡಿಗೆ ಜೀವ ಕೊಟ್ಟವರಿಗೆ ಒಂದು ಬೆಳ್ಳಿ ಕಪ್ ಕೊಡುತ್ತಾರೆ. ಅದಕ್ಕೆ ನಾನು ಹೆಸರು ಕೊಟ್ಟಿದ್ದೆ, ಹದಿನೇಳನೇ ನಂಬರು ಸಿಕ್ಕಿತ್ತು. ಆ ಕಪ್ ನನಗೆ ಬೇಕಿತ್ತು. ಬೆಳ್ಳಿಯ ಆಸೆಯಲ್ಲ. ಈ ಕೆಲಸ ಚೆನ್ನಾಗಿದೆ ಅಂತ, ಕೆಲಸ ಗೊತ್ತಿರುವವರ ಬಾಯಲ್ಲಿ ಒಂದು ಸಲ ಕೇಳಬೇಕಿತ್ತು.

ಅದಕ್ಕೆ ಮೊದಲು ಗಾಡಿಯನ್ನು ಜಾಗಕ್ಕೆ ತರಬೇಕಲ್ಲ. ರಿವರ್ಸಿನಲ್ಲಿ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿಯ ಬಾಲ ಬಲಕ್ಕೆ ಹೋಗುತ್ತದೆ. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಮೊದಲನೇ ಸಲ ಪುಡ್ಡಿಂಗ್ ಯಾರದೋ ಬಣ್ಣದ ತೋರಣಕ್ಕೆ ಗುರಿಯಿಟ್ಟಿತು. ಎರಡನೇ ಸಲ ಪಕ್ಕದ ಗಾಡಿಯ ಬೆರಿಲ್ ಆಂಟಿಯ ಟೀ ಟೇಬಲ್ಲಿಗೆ. ಆಕೆ ಗಾಬರಿಯಿಲ್ಲದೆ ತನ್ನ ಹಣ್ಣಿನ ಕೇಕನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಕಿಟಕಿಗೆ ಯಾರೋ ಬೆರಳಿಂದ ತಟ್ಟಿದರು. ಉಣ್ಣೆಯ ಕ್ಯಾಪು, ಮೇಲೆ ಮಡಚಿದ ಅಂಗಿ ತೋಳು, ತಾತನ ಕಾಲದ ಹೆಗಲ ಪಟ್ಟಿಯಿಂದ ಎತ್ತಿ ಕಟ್ಟಿದ ಪ್ಯಾಂಟು. ನನ್ನ ವಯಸ್ಸಿನವನೇ.

"ಬೇಕಾದ್ರೆ ನಾನು ತೆಗೆದುಕೊಡ್ಲಾ?"

"ಬೇಡ, ಥ್ಯಾಂಕ್ಸ್."

"ತೊಂದ್ರೆ ಏನಿಲ್ಲ, ಎರಡು ನಿಮಿಷ..."

"ನನಗೆ ತೊಂದ್ರೆ ಇದೆ."

ಅವನ ಒಂದು ಹುಬ್ಬು ಮೇಲೆ ಹೋಯಿತು. ತುಟಿಯ ತುದಿಯೂ ಅದರ ಹಿಂದೆ ಹೋಗಲು ನೋಡಿತು, ಅವನು ತಡೆದ. ತಲೆಯಾಡಿಸಿ ಹೋದ. ಕುರ್ಚಿಗೆ ಹೋದ ಅಂದುಕೊಂಡರೆ, ಗಾಡಿಯ ಮೂಲೆ ಬಂದು ನಿಲ್ಲಬೇಕಾದ ಜಾಗದ ಹತ್ತಿರ, ನನ್ನ ಸೈಡ್ ಮಿರರ್‌ಗೆ ಸರಿಯಾಗಿ ಕಾಣುವಂತೆ ನಿಂತ. ಕೈ ಬೀಸಲಿಲ್ಲ, ಬಾ ಬಾ ಅನ್ನಲಿಲ್ಲ. ಸುಮ್ಮನೆ ನಿಂತ.

ಕನ್ನಡಿಯಲ್ಲಿ ನಾನು ಅವನನ್ನು ನೋಡಿದೆ. ಕನ್ನಡಿಯಲ್ಲೇ ಅವನೂ ನನ್ನನ್ನು ನೋಡಿದ. ಮೂರನೇ ಸಲ ಇನ್ನೇನು ಬಂತು ಅನ್ನುವಾಗ ಓರೆಯಾಯಿತು. ನಾಲ್ಕನೇ ಸಲ ಪುಡ್ಡಿಂಗ್ ತನ್ನ ಜಾಗಕ್ಕೆ ನೆಟ್ಟಗೆ, ನಿಧಾನವಾಗಿ, ರಾಣಿಯ ಗತ್ತಿನಲ್ಲಿ ಹೋಗಿ ಕೂತಿತು. ಕುರ್ಚಿಗಳಲ್ಲಿ ಚಪ್ಪಾಳೆ ಬಿತ್ತು. ಅವನು ಕ್ಯಾಪು ಸ್ವಲ್ಪ ಎತ್ತಿ, ಒಂದು ಮಾತೂ ಆಡದೆ ಹೊರಟುಹೋದ. ಮಾತಾಡಿದ್ದರೆ ಸಿಟ್ಟಾಗಬಹುದಿತ್ತು. ಮಾತಾಡದ್ದಕ್ಕೆ ಏನಾಗಬೇಕೋ ನನಗೆ ತಿಳಿಯಲಿಲ್ಲ.

*

ಸಂಜೆ ಬಿಸಿಲು ಇನ್ನೂ ಇತ್ತು. ಸಾಸೇಜ್ ಹುರಿಯುತ್ತಿದ್ದೆ. ಕೈಯಲ್ಲಿ ಮಗ್ ಹಿಡಿದು ಅವನು ಬಂದ.

"ನಾನು ಗಿಡಿಯನ್. ಆ ಕಡೆ ಸಾಲಲ್ಲಿ ನೀಲಿ ಗಾಡಿ ನಂದು. ಒಳಗೆ ಒಂದ್ಸಲ ನೋಡಬಹುದಾ?"

ಕ್ಯಾಪು ತೆಗೆದು, ತಲೆ ಬಗ್ಗಿಸಿ ಒಳಗೆ ಬಂದ. ಚಾವಣಿ ನೋಡಿದ. ಡ್ರಾಯರ್‌ಗಳನ್ನು ಎಳೆದು, ನೂಕಿ, ಮತ್ತೆ ಎಳೆದ. ಬೀರುವಿನ ಮುಂದೆ ಸ್ವಲ್ಪ ಹೊತ್ತು ನಿಂತ. ಮರದ ಅಂಚಿನ ಮೇಲೆ ಅವನ ಬೆರಳು ಹೋಗುವುದನ್ನು ನಾನು ನೋಡುತ್ತಿದ್ದೆ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

"ಅಬ್ಬಾ," ಅಂದ. "ಯಾರು ಮಾಡಿಕೊಟ್ರು ನಿಮಗೆ ಇದನ್ನ?"

ನಾನು ಬಾಗಿಲು ಪೂರ್ತಿ ತೆರೆದು ಹಿಡಿದೆ. "ಸಾಸೇಜ್ ಸೀಯ್ತಿದೆ. ನೀವು ಹೊರಡಿ."

"ಅಮ್ಮನೇ ಮಾಡಿದ್ದು," ನೆಲ್ ಮಂಚದ ಮೇಲಿಂದ ಹೇಳಿದಳು. "ಹೆಬ್ಬೆರಳಿಗೆ ಹೊಲಿಗೆ ಕೂಡ ಬಿದ್ದಿತ್ತು. ನಾನು ನೋಡ್ದೆ."

ಅವನ ಮುಖ ಕಿವಿಯಿಂದ ಕೆಂಪಾಗುತ್ತಾ ಬಂತು. ಹೋದ. ನಾವು ಊಟ ಮುಗಿಸುವ ಹೊತ್ತಿಗೆ ಮತ್ತೆ ಬಂದ. ಈ ಸಲ ಮೆಟ್ಟಿಲು ಹತ್ತಲಿಲ್ಲ, ಹುಲ್ಲಿನ ಮೇಲೆ ನಿಂತ.

"ಪ್ರಶ್ನೆ ತಪ್ಪಾಗಿ ಕೇಳ್ದೆ. ಇನ್ನೊಂದ್ಸಲ ಕೇಳ್ಲಾ?"

"ಕೇಳಿ."

"ಆ ಚಾವಣಿ ಹಲಗೆನ ಸೀಳದೇ ಅಷ್ಟು ಚೆನ್ನಾಗಿ ಹೇಗೆ ಬಗ್ಗಿಸಿದ್ರಿ?"

ನನ್ನಮ್ಮ ಗಾಡಿ ಮುದ್ದಾಗಿದೆ ಅಂದಿದ್ದಳು. ಕ್ಲಿನಿಕ್ಕಿನವರು ಧೈರ್ಯವಂತೆ ಅಂದಿದ್ದರು. ಹೇಗೆ ಮಾಡಿದೆ ಅಂತ ಇಲ್ಲಿಯವರೆಗೆ ಒಬ್ಬರೂ ಕೇಳಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತು ಹೇಳತೊಡಗಿದೆ. ಹಲಗೆ ಮೆತ್ತಗಾಗಲು ಗೋಡೆಗೆ ಅಂಟಿಸಿದ ಕಾಗದ ಕೀಳುವ ಹಬೆ ಯಂತ್ರ, ಒದ್ದೆ ಟವೆಲ್ಲುಗಳು, ಹಲಗೆಯ ಇನ್ನೊಂದು ತುದಿಯ ಮೇಲೆ ಭಾರಕ್ಕೆ ನೆಲ್ ಕೂತದ್ದು, ಮೂರು ಹಲಗೆ ಮುರಿದು ನಾನು ಗ್ಯಾರೇಜಿನಲ್ಲಿ ಅತ್ತದ್ದು, ನಾಲ್ಕನೆಯದು ಬಗ್ಗಿದ್ದು. ಅವನು ಹುಲ್ಲಿನ ಮೇಲೆ ಕೂತು ಕೇಳಿದ. 'ನಾನಾಗಿದ್ರೆ' ಅಂತ ಒಂದು ಸಲವೂ ಅನ್ನಲಿಲ್ಲ. ಹಾಗೆ ಕೇಳಿಸಿಕೊಳ್ಳುವ ಗಂಡಸಿನ ಮುಖ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದು ನನಗೆ ಮರೆತೇಹೋಗಿತ್ತು.

ನಡುವೆ ಒಂದು ಸಲ ಮೂಗರಳಿಸಿ ವಾಸನೆ ಹಿಡಿದ.

"ಏನು?"

"ಏನಿಲ್ಲ."

"ಹೇಳ್ರೀ."

"ಕೋಳಿ," ಅಂದ ಮೆಲ್ಲಗೆ.

"ಎರಡು ವರ್ಷ ತಿಕ್ಕಿದೀನಿ ನಾನು."

"ನಾನು ದನದ ಡಾಕ್ಟ್ರು. ಬೇರೆ ಯಾರಿಗೂ ಗೊತ್ತಾಗಲ್ಲ, ಬಿಡಿ. ಒಳ್ಳೇ ಆರೋಗ್ಯದ ಕೋಳಿಗಳು, ಅದಂತೂ ಖಂಡಿತ."

ನಾನು ನಕ್ಕುಬಿಟ್ಟೆ. ನಕ್ಕದ್ದು ಅವನಿಗೆ ಎಷ್ಟು ಹಿಡಿಸಿತು ಅನ್ನುವುದನ್ನು ಅವನು ಮುಚ್ಚಿಡಲಿಲ್ಲ.

*

ಶನಿವಾರ ಬೆಳಿಗ್ಗೆ ಹತ್ತರಿಂದ ಈ ಕಾಲದ ವಸ್ತು ಒಂದೂ ಕಣ್ಣಿಗೆ ಬೀಳಬಾರದು, ಅದು ಹಬ್ಬದ ನಿಯಮ. ಫೋನು ದಿಂಬಿನ ಕೆಳಗೆ, ನೀರಿನ ಬಾಟಲಿ ಮಂಚದ ಕೆಳಗೆ. ಇನ್ನೊಂದು ಪದ್ಧತಿಯೂ ಉಂಟು. ಕಪ್‌ನ ಜಡ್ಜ್‌ಗಳು ಎಲ್ಲರ ಹಾಗೆ ಸಾಲಿನಲ್ಲೇ ಬಿಡಾರ ಹೂಡಿರುತ್ತಾರೆ. ಯಾರು ಅಂತ ಭಾನುವಾರ ಬೆಳಿಗ್ಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಹೊರಬರುವ ತನಕ ಗೊತ್ತಾಗುವುದಿಲ್ಲ, ಹೇಳುವ ಹಾಗೂ ಇಲ್ಲ. ಅದಕ್ಕೇ ಶನಿವಾರ ಆ ಮೈದಾನದಲ್ಲಿ ಎಲ್ಲರೂ ಎಲ್ಲರ ಜೊತೆ ಅಷ್ಟು ನಯವಾಗಿ ಮಾತಾಡುವುದು.

ವಿಲ್ಫ್ ಮಾತ್ರ ತನ್ನ ಪ್ಲಾಸ್ಟಿಕ್ ಡೈನೋಸಾರನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಒಳಗಿಡೋ ಚಿನ್ನ. ಹೊಸದು ಹೊರಗೆ ಇರಬಾರ್ದು."

"ಡೈನೋಸಾರ್ ಹೊಸದಲ್ಲ. ಎಲ್ಲಕ್ಕಿಂತ ಹಳೇದು."

ಅಷ್ಟರಲ್ಲಿ ಗಿಡಿಯನ್ ಬಂದ. ವಿಷಯ ಕೇಳಿ, ಮಂಡಿಯೂರಿ, ಡೈನೋಸಾರಿನ ಹೊಟ್ಟೆ ಒತ್ತಿ, ಬಾಯಿ ಬಿಡಿಸಿ ಹಲ್ಲು ನೋಡಿದ.

"ಇವನು ಹೇಳೋದು ಸರಿ. ಈ ಮೈದಾನದಲ್ಲಿ ಇದಕ್ಕಿಂತ ಹಳೇದು ಅಂದ್ರೆ ಬೆರಿಲ್ ಅವರ ಕೇಕ್ ಒಂದೇ."

"ಕೇಳಿಸ್ತು ಕಣಪ್ಪಾ," ಪಕ್ಕದಿಂದ ಬೆರಿಲ್ ಆಂಟಿ ಅಂದಳು. "ನಿನಗೆ ಒಂದು ಚೂರೂ ಇಲ್ಲ ಇನ್ನು."

"ಆದ್ರೆ ಇಷ್ಟು ವಯಸ್ಸಾದವರಿಗೆ ವಿಶ್ರಾಂತಿ ಬೇಕಪ್ಪಾ ವಿಲ್ಫ್. ಬಿಸಿಲು ಒಳ್ಳೇದಲ್ಲ."

ವಿಲ್ಫ್ ಯೋಚಿಸಿದ. ಡೈನೋಸಾರನ್ನು ಬ್ರೆಡ್ ಡಬ್ಬಿಯಲ್ಲಿ ಮಲಗಿಸಿ, ಟವೆಲ್ ಹೊದಿಸಿ, ಮುಚ್ಚಳ ಹಾಕಿದ.

ಸಂಜೆ ಟೀ ಹೊತ್ತಿಗೆ ದೊಡ್ಡ ಟೆಂಟಿನಲ್ಲಿ ಡಾನ್ಸು. ಅಜ್ಜಿಯ ಚುಕ್ಕೆ ಚುಕ್ಕೆ ಫ್ರಾಕ್ ಹಾಕಿ, ಕೂದಲು ಸುತ್ತಿ ಪಿನ್ನು ಚುಚ್ಚಿ, ತುಟಿಗೆ ಕೆಂಪು ಬಳಿದು, ಇಬ್ಬರು ಮಕ್ಕಳ ಕೈ ಹಿಡಿದು ನಾನು ಹೋದೆ. ಬರುತ್ತೇನೆ ಅಂತ ಬೆಳಿಗ್ಗೆ ಹೇಳಿದ್ದ ಗಿಡಿಯನ್ ಇರಲಿಲ್ಲ. ಬ್ಯಾಂಡಿನವರು ಹಾಡಿನ ಮೇಲೆ ಹಾಡು ಬಾರಿಸಿದರು. ಬಾಗಿಲ ಕಡೆ ನೋಡಬಾರದು ಅಂತ ನಾನು ಮೂರು ಸಲ ತೀರ್ಮಾನ ಮಾಡಿದೆ.

ಆಮೇಲೆ ಬಂದ. ಓಡಿ ಬಂದ ಹಾಗಿತ್ತು, ಟೈ ಒಂದು ಪಕ್ಕಕ್ಕೆ ಹೋಗಿತ್ತು. ನನ್ನ ಹತ್ತಿರ ಬಂದರೂ ಕೇಳಿದ್ದು ನೆಲ್‌ಳನ್ನು.

"ನಿಮ್ಮಮ್ಮನ್ನ ಡಾನ್ಸಿಗೆ ಕರೀಬಹುದಾ?"

"ಮೊದಲು ನನ್ನ ಜೊತೆ," ಅಂದಳು ನೆಲ್.

ಅವಳು ಅವನ ಬೂಟುಗಳ ಮೇಲೆ ಹತ್ತಿ ನಿಂತಳು. ಇಡೀ ಹಾಡು ಅವಳನ್ನು ಹಾಗೇ ಹೊತ್ತು ತಿರುಗಿದ, ಅವಸರ ಮಾಡಲಿಲ್ಲ. ಮುಂದಿನ ಹಾಡಿಗೆ ನನ್ನ ಕಡೆ ಕೈ ಚಾಚಿದ. ನನ್ನ ಹೆಬ್ಬೆರಳಿನ ಗಾಯದ ಗೆರೆ ಅವನ ಬೆರಳಿಗೆ ಸಿಕ್ಕಿತು. ಅದನ್ನು ಅವನು ಗಮನಿಸಿದ್ದು ನನಗೆ ಗೊತ್ತಾಯಿತು, ನನಗೆ ಗೊತ್ತಾದದ್ದು ಅವನಿಗೂ.

"ನಾನು ಎಡಕ್ಕೆ ತಿರುಗ್ತಿದೀನಿ," ಅಂದ.

"ಹಾಗಾದ್ರೆ ನಾನು ಬಲಕ್ಕೆ ಹೋಗ್ಬೇಕು."

"ಈಗ ನಡೆಸ್ತಿರೋದು ಯಾರು?"

"ನಾನು."

"ನನಗೂ ಹಾಗೇ ಅನ್ನಿಸ್ತು," ಅಂದ, ಮತ್ತೆ ಆ ತುಟಿಯ ತುದಿ ಮೇಲೆ ಹೋಯಿತು. ಈ ಸಲ ತಡೆಯಲಿಲ್ಲ.

ಕುರ್ಚಿಯ ಮೇಲೆ ನಿದ್ದೆ ಹೋಗಿದ್ದ ವಿಲ್ಫ್‌ನನ್ನು ಅವನೇ ಹೆಗಲಿಗೆ ಹಾಕಿಕೊಂಡ. ಮೈದಾನ ದಾಟಿ ನಾವು ನಡೆದು ಬರುವಾಗ ಕುರ್ಚಿಗಳೆಲ್ಲ ನೋಡಿದವು. ನೋಡಲಿ ಅನ್ನಿಸಿತು ನನಗೆ.

*

ಭಾನುವಾರ ಬೆಳಿಗ್ಗೆ ಕಿಟಕಿಯ ಹಿತ್ತಾಳೆ ಉಜ್ಜುತ್ತಿದ್ದೆ. ಬೆರಿಲ್ ಆಂಟಿ ಮೊಣಕೈಯಿಂದ ತಿವಿದು ಗಲ್ಲದಲ್ಲೇ ತೋರಿಸಿದಳು. ಸಾಲಿನ ಆ ಕೊನೆಯಲ್ಲಿ ಮಿಸೆಸ್ ಥರ್ಲ್‌ಬಿ ನಿಂತಿದ್ದರು. ಎಂಬತ್ತರ ಅಜ್ಜಿ, ಮುತ್ತಿನ ಸರ, ಎದೆಗೆ ಕೆಂಪು ರಿಬ್ಬನ್. ಪಕ್ಕದಲ್ಲಿ ಗಿಡಿಯನ್. ಅವನ ಕೋಟಿಗೂ ಕೆಂಪು ರಿಬ್ಬನ್.

"ಕಪ್ ನಿನಗೇ ಬಿಡಮ್ಮಾ," ಬೆರಿಲ್ ಆಂಟಿ ಕಣ್ಣು ಮಿಟುಕಿಸಿದಳು. "ನಿನ್ನೆ ಡಾನ್ಸ್ ನಾವೆಲ್ಲ ನೋಡಿದ್ವಲ್ಲ."

ಆಕೆ ಪ್ರೀತಿಯಿಂದಲೇ ಅಂದದ್ದು. ಆದರೆ ಆಕೆಗೆ ಅನ್ನಿಸಿದ್ದು ಇಡೀ ಮೈದಾನಕ್ಕೆ ಅನ್ನಿಸುತ್ತದೆ. ಎರಡು ಚಳಿಗಾಲದ ಕೆಲಸಕ್ಕೆ ಒಂದು ಡಾನ್ಸಿನ ಹೆಸರು ಬೀಳುತ್ತದೆ. ನಾನು ಬಟ್ಟೆ ಕೆಳಗಿಟ್ಟು, ಕಿಟಕಿಗೆ ಅಂಟಿಸಿದ್ದ ಹದಿನೇಳನೇ ನಂಬರಿನ ಕಾರ್ಡನ್ನು ಕೀಳತೊಡಗಿದೆ.

ಅವನು ಸಾಲು ಬಿಟ್ಟು ಬಂದ.

"ಏನು ಮಾಡ್ತಿದೀರ?"

"ಕಾಣಲ್ವಾ? ಹದಿನೇಳು ಆಟಕ್ಕಿಲ್ಲ."

"ಟ್ಯಾಮ್ಸಿನ್..."

"ಹೇಳೋ ಹಾಗಿರಲಿಲ್ಲ, ಗೊತ್ತು. ಪದ್ಧತಿ ನನಗೂ ಗೊತ್ತು. ಆದ್ರೆ ಡಾನ್ಸಿಗೆ ಕರೀಬಾರ್ದಿತ್ತು ನೀವು." ನಾನು ಕಾರ್ಡಿನ ಇನ್ನೊಂದು ಮೂಲೆ ಕಿತ್ತೆ. "ಈಗ ಕಪ್ ಬಂದ್ರೆ ಡಾನ್ಸಿಗೆ ಬಂತು ಅಂತಾರೆ. ಬರದಿದ್ರೆ ನೀವು ಜನರಿಗೆ ಹೆದರಿ ಕೊಡಲಿಲ್ಲ ಅಂತ ನಾನೇ ಅಂದ್ಕೋತೀನಿ. ಎರಡರಲ್ಲೂ ನನ್ನ ಕೆಲಸ ಎಲ್ಲಿದೆ ಹೇಳಿ? ನನಗೆ ಬೇಕಾಗಿದ್ದು ಅದೊಂದೇ."

ಅವನು ಕ್ಯಾಪು ತೆಗೆದ.

"ನಿನ್ನೆ ನಾನು ಯಾಕೆ ತಡವಾಗಿ ಬಂದೆ ಗೊತ್ತಾ?" ಅಂದ. "ಮಿಸೆಸ್ ಥರ್ಲ್‌ಬಿನ ಹುಡುಕ್ತಿದ್ದೆ. ಹದಿನೇಳನೇ ಗಾಡಿ ನಾನು ನೋಡಲ್ಲ, ನೀವೊಬ್ಬರೇ ನೋಡಿ ಅಂತ ಹೇಳಿದೆ. ಅದಾದಮೇಲೇ ಟೆಂಟಿಗೆ ಬಂದಿದ್ದು."

"ಕಾರಣ ಕೇಳಲಿಲ್ವಾ?"

"ಕೇಳದೇ ಬಿಡ್ತಾರಾ? ಆ ಗಾಡಿ ಮುಂದೆ ನಿಂತ್ರೆ ನನಗೆ ಗಾಡಿ ಕಾಣಲ್ಲ ಅಂದೆ."

ಅರ್ಧ ಕಿತ್ತ ಕಾರ್ಡು ನನ್ನ ಕೈಯಲ್ಲಿತ್ತು. ಕೀಳುವುದನ್ನು ನಿಲ್ಲಿಸಿದೆ.

"ಮಿಸೆಸ್ ಥರ್ಲ್‌ಬಿಗೆ ನೀವೂ ಕಾಣಲ್ಲ, ನಾನೂ ಕಾಣಲ್ಲ," ಅಂದ. "ಮರ, ಮೊಳೆ, ಬಣ್ಣ ಅಷ್ಟೇ ಕಾಣೋದು. ಆ ಕಣ್ಣಿಗೆ ಹೆದರಬೇಕಾದಂಥ ಕೆಲಸ ನೀವು ಮಾಡಿಲ್ಲ."

ಅಷ್ಟು ಹೇಳಿ ಹೊರಟುಹೋದ. ನಾನು ಕಾರ್ಡನ್ನು ಮತ್ತೆ ಅಂಟಿಸಿ, ಅಂಗೈಯಿಂದ ಒತ್ತಿ ನೆಟ್ಟಗೆ ಮಾಡಿದೆ.

ಮಿಸೆಸ್ ಥರ್ಲ್‌ಬಿ ಒಬ್ಬರೇ ಬಂದರು. ಆ ವಯಸ್ಸಿನಲ್ಲಿ ಹುಲ್ಲಿನ ಮೇಲೆ ಮಂಡಿಯೂರಿ, ಪರ್ಸಿನಿಂದ ಟಾರ್ಚ್ ತೆಗೆದು ಗಾಡಿಯ ಹೊಟ್ಟೆ ನೋಡಿದರು. ಒಳಗೆ ಬಂದು ಪ್ರತಿ ಡ್ರಾಯರ್ ಎಳೆದರು. ಬ್ರೆಡ್ ಡಬ್ಬಿಯ ಮುಚ್ಚಳ ತೆಗೆದರು. ಡೈನೋಸಾರ್ ಇನ್ನೂ ಅಲ್ಲೇ ಇತ್ತು.

"ಇದು ಯಾರು?"

"ಶ್ಶ್," ಅಂದ ವಿಲ್ಫ್. "ವಯಸ್ಸಾಗಿದೆ, ಮಲಗಿದಾನೆ."

ಅಜ್ಜಿ ಟವೆಲ್ ಸರಿಮಾಡಿ ಮುಚ್ಚಳ ಹಾಕಿದರು. ಬೀರುವಿನ ಬಾಗಿಲು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಮುಖದಲ್ಲಿ ಏನೂ ಇರಲಿಲ್ಲ. ಥ್ಯಾಂಕ್ಯೂ ಅಂತ ಹೇಳಿ ಇಳಿದುಹೋದರು.

*

ಸಂಜೆ ಇಡೀ ಮೈದಾನ ಟೆಂಟಿನ ಮುಂದೆ ಸೇರಿತು. ಮಿಸೆಸ್ ಥರ್ಲ್‌ಬಿ ಮೈಕಿನ ಮುಂದೆ ನಿಂತರು.

"ಮೊದಲನೇದು ಇಪ್ಪತ್ತೆರಡು," ಅಂದರು. ಮರೂನ್ ಬಣ್ಣದ ಆ ಗಾಡಿಯ ಮುದಿ ದಂಪತಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. "ಎರಡನೇದು ಹದಿನೇಳು. ಬೀರು ಬಾಗಿಲಿನ ಮೇಲಿನ ಕೀಲು ಕೂದಲೆಳೆಯಷ್ಟು ಇಳಿದಿದೆ. ಅದೊಂದಿಲ್ಲದಿದ್ರೆ ಎರಡರಲ್ಲಿ ಯಾವುದು ಮೊದಲು ಅಂತ ಆರಿಸೋಕೆ ನಾನು ಕಷ್ಟಪಡ್ತಿದ್ದೆ. ಈ ಕೆಲಸ ಒಬ್ಬ ಹೆಂಗಸು ಒಂಟಿಯಾಗಿ ಮಾಡಿದ್ದು, ಪಾಪ, ಅಂತ ನನಗೆ ಬೆಳಿಗ್ಗೆಯಿಂದ ಹತ್ತು ಜನ ಹೇಳಿದ್ರು. ಪಾಪ ಅನ್ನೋಕೆ ಅಲ್ಲಿ ಏನೂ ಇಲ್ಲ. ಅದು ಕೆಲಸ ಬಲ್ಲವರ ಕೆಲಸ."

ನಾನು ಕೇಳಬೇಕು ಅಂತ ಬಂದ ಮಾತು ಅದೇ. ಅದನ್ನು ನಿಂತಲ್ಲೇ ಪೂರ್ತಿ ಕುಡಿದೆ.

"ಇನ್ನೊಂದು," ಅಜ್ಜಿ ಕನ್ನಡಕ ತೆಗೆದರು. "ನಮ್ಮ ಜಡ್ಜ್ ಒಬ್ಬರು ಹದಿನೇಳನೇ ಗಾಡಿ ನೋಡಲ್ಲ ಅಂತ ಶನಿವಾರವೇ ಪಕ್ಕಕ್ಕೆ ಸರಿದ್ರು. ಕಾರಣ ಹದಿನೇಳನೇ ನಂಬರಿನವರಿಗೆ ಅವರೇ ಹೇಳಿರ್ತಾರೆ. ನಿಮಗೆಲ್ಲ ನಾನು ಹೇಳಬೇಕಾಗಿಲ್ಲ ಅಂದ್ಕೋತೀನಿ."

ಮೈದಾನವೆಲ್ಲ ನಕ್ಕಿತು. ಬೆರಿಲ್ ಆಂಟಿ ಎಲ್ಲರಿಗಿಂತ ಜೋರಾಗಿ ನಕ್ಕು, ಕಣ್ಣು ಒರೆಸಿಕೊಂಡಳು. ನಾನು ತಲೆಯೆತ್ತಿ, ಇಬ್ಬರೂ ಮಕ್ಕಳನ್ನು ಕರೆದುಕೊಂಡು ಮುಂದೆ ಹೋಗಿ ಎರಡನೇ ಬಹುಮಾನದ ನೀಲಿ ರಿಬ್ಬನ್ ಹೂವು ತಗೊಂಡೆ. ವಾಪಸು ನಮ್ಮ ಜಾಗಕ್ಕೆ ಹೋಗಲಿಲ್ಲ. ಎಲ್ಲರ ಕಣ್ಣೆದುರೇ ಜನರ ನಡುವೆ ನಡೆದು ಗಿಡಿಯನ್ ಹತ್ತಿರ ಹೋದೆ.

"ಬೇಜಾರಾಯ್ತಾ?" ಅಂದ.

"ಕೀಲು ಇಳಿದಿರೋದು ನಿಜ. ನನಗೆ ಗೊತ್ತಿತ್ತು."

"ನನಗೂ. ಶುಕ್ರವಾರವೇ ಕಾಣಿಸ್ತು."

"ಹಾಗಾದ್ರೆ ಜಡ್ಜ್ ನೀವೇ ಆಗಿದ್ರೆ ಏನು ಕೊಡ್ತಿದ್ರಿ?"

ಸುಳ್ಳು ಹೇಳಲೋ ಬೇಡವೋ ಅಂತ ಯೋಚಿಸಿದ್ದು ಅವನ ಮುಖದಲ್ಲೇ ಕಂಡಿತು. "ಮೊದಲನೇದು."

"ಕೀಲು ನೋಡಿಯೂ?"

"ನೋಡಿಯೂ."

"ಸರಿದು ನಿಂತಿದ್ದೇ ಒಳ್ಳೇದಾಯ್ತು ಬಿಡಿ," ಅಂದೆ. ಆದರೆ ನನಗೆ ಹಿಗ್ಗು ತಡೆಯಲಾಗಲಿಲ್ಲ. ಕೆಲಸಕ್ಕೆ ನ್ಯಾಯವಾದ ಎರಡನೇ ಸ್ಥಾನ ಸಿಕ್ಕಿತ್ತು. ಕೀಲು ಇಳಿದದ್ದು ಕಂಡೂ ನನ್ನನ್ನು ಮೊದಲಿಡುವವನೊಬ್ಬ ಎದುರಿಗೆ ನಿಂತಿದ್ದ. ಎರಡೂ ಒಂದೇ ದಿನ ಸಿಗುತ್ತವೆ ಅಂತ ನಾನು ಅಂದುಕೊಂಡಿರಲಿಲ್ಲ. ಅವನ ಟೈ ಹಿಡಿದು ಎಳೆದು ಮುತ್ತು ಕೊಟ್ಟೆ. ನನ್ನ ಲಿಪ್‌ಸ್ಟಿಕ್ ಅವನ ಕೆನ್ನೆಗೂ ಅಂಟಿತು.

"ಛೀ," ಅಂದ ವಿಲ್ಫ್. ನೆಲ್ ಅವನ ಕಣ್ಣು ಮುಚ್ಚಿದಳು. ತಾನು ಮಾತ್ರ ನೋಡುತ್ತಲೇ ಇದ್ದಳು.

"ಬರೋ ಶನಿವಾರ ಬಂದು ಆ ಕೀಲು ನಾನು..." ಅಂತ ಶುರುಮಾಡಿದ ಗಿಡಿಯನ್, ನನ್ನ ಮುಖ ನೋಡಿ ನಿಲ್ಲಿಸಿದ. "ನೀವು ಸರಿಮಾಡೋದನ್ನ ಸುಮ್ಮನೆ ಕೂತು ನೋಡ್ಲಾ?"

"ಕೂತು ನೋಡೋರು ಬೇಡ ನನಗೆ," ಅಂದೆ. "ಬಾಗಿಲು ಭಾರ ಇದೆ. ನೀನು ಎತ್ತಿ ಹಿಡ್ಕೋ, ಸ್ಕ್ರೂ ನಾನು ಬಿಗೀತೀನಿ."